ಹೇಳಬಾರದ ಹೆಸರು

ಬೂದಿಗೆರೆಯ ಅಕ್ಕಯ್ಯಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ಓದು ಮಾತ್ರ ಬಾರದು. ಭಾನುವಾರ ಹಿರಿಯರಿಗೆ ಫೋನು ಕಲಿಸಲು ಬರುತ್ತಿದ್ದ ಕಾಲೇಜು ಹುಡುಗಿ ಕೀರ್ತನ, "ಅಜ್ಜೀ, ಈ ಮೈಕ್ ಒತ್ತಿ ಹೆಸ್ರು ಹೇಳಿ, ಅದೇ ಫೋನ್ ಮಾಡುತ್ತೆ" ಎಂದಳು. ಮಗಳ ಹೆಸರು, ತಮ್ಮನ ಹೆಸರು ಗಟ್ಟಿಯಾಗಿ ಹೇಳಿ ಮಾತಾಡಿದ್ದೂ ಆಯಿತು. ಏರ್‌ಪೋರ್ಟಿನಲ್ಲಿ ತೋಟದ ಕೆಲಸಕ್ಕಿದ್ದ ಗಂಡನ ಸರದಿ ಬಂದಾಗ ಸೆರಗು ಬಾಯಿಗೆ ಹೋಯಿತು.

"ಯಜಮಾನ್ರ ಹೆಸ್ರು ಹೇಳ್ತಾರೇನೇ ಹುಡ್ಗೀ? ಅವ್ರ ಆಯಸ್ಸು ಕಮ್ಮಿ ಆಗ್ಬಿಡುತ್ತೆ!"

ಮಾಗಿಯ ಒಂದು ಬೆಳಗ್ಗೆ ಗಂಡ ಎದೆ ಹಿಡಿದುಕೊಂಡು ಕುಸಿದವನು ಏಳಲಿಲ್ಲ. ಹನ್ನೊಂದನೇ ದಿನ ನೆಂಟರೆಲ್ಲ ಹೋದ ಮೇಲೆ ಅಕ್ಕಯ್ಯಮ್ಮ ಕಲಿತಂತೆಯೇ ಮೈಕ್ ಒತ್ತಿದಳು. ಇನ್ನು ಕಮ್ಮಿಯಾಗಲು ಆಯಸ್ಸೆಲ್ಲಿ ಉಳಿದಿತ್ತು? ನಲವತ್ತು ವರ್ಷದಲ್ಲಿ ಮೊದಲ ಸಲ "ಪಿಳ್ಳಪ್ಪ" ಎಂದಳು. ಅವಳು ದಿನಾ ಚಾರ್ಜಿಗೆ ಹಾಕಿಡುತ್ತಿದ್ದ ಅವನ ಫೋನು ಗೋಡೆಯ ಗೂಡಿನಿಂದ ಓಗೊಟ್ಟಿತು.