ಖಾಲಿ ಮಂಚಕ್ಕೆ ಹೇಳಿದ ಮಾತು

ಗೆಳೆಯರೇ, ಖಾಲಿ ಮಂಚದ ಜೊತೆ ತಮಾಷೆ ಮಾಡಬೇಡಿ. ಹಂಸಭಾವಿ ಕಡೆಯ ವೃದ್ಧಾಶ್ರಮದಲ್ಲಿ ನಾನು ಹೊಸ ಆರೈಕೆದಾರ. ಜೊತೆಗಿದ್ದು ಕೆಲಸ ಕಲಿಸುವವರು ಹಿರಿಯ ಆರೈಕೆದಾರೆ ಗಂಗಕ್ಕ. ಅವರು ಒಪ್ಪಿದರಷ್ಟೇ ನನ್ನ ಕೆಲಸ ಕಾಯಂ.

ಇವತ್ತು ಬೆಳಿಗ್ಗೆ, ಮೊನ್ನೆ ತೀರಿಕೊಂಡ ಚನ್ನಪ್ಪಜ್ಜನ ಹಾಸಿಗೆ ಮಡಚಿ, ಕೈಮುಗಿದು, ಪರಮ ಗಾಂಭೀರ್ಯದಿಂದ "ಅಜ್ಜಾ, ಹೋಗಿ ಬರ್ರಿ" ಎಂದೆ.

ಗಂಗಕ್ಕನ ಮುಖ ಬಿಳುಚಿತು. "ಯಪ್ಪಾ, ಸತ್ತಾರಿಗೆ ಬರ್ರಿ ಅಂತಾರೇನೋ?"

ಮಧ್ಯಾಹ್ನ, ಪಕ್ಕದ ಮಂಚದ ಕಣ್ಣು ಕಾಣದ ಫಕೀರಜ್ಜ ತುತ್ತು ಮುಟ್ಟಲಿಲ್ಲ. "ಚನ್ನಪ್ಪ ಬಂದು ಕುಂತಾನ. ಮೊದಲ ಅವಂಗ ನೀಡ್ರಿ" ಎಂದ. ಬೆಳಿಗ್ಗೆ ಅವನು ಬಚ್ಚಲಲ್ಲಿದ್ದ. ನನ್ನ ಮಾತು ಕೇಳಿರಲೇ ಇಲ್ಲ.

"ಕರದಾಂವ ನೀನ, ಕಳಸಾಂವನೂ ನೀನ. ಈ ಅಜ್ಜ ಉಣ್ಣೂತನಕ ನಿನ್ನ ಕೆಲಸ ಕಾಯಂ ಇಲ್ಲ" ಎಂದರು ಗಂಗಕ್ಕ.

ಮತ್ತೆ ಕೈಮುಗಿದೆ. ಈ ಸಲ ತಮಾಷೆಗಲ್ಲ. "ಅಜ್ಜಾ, ತಪ್ಪಾತು. ಹೋಗ್ರಿ."

ಖಾಲಿ ಮಂಚ ಕಿರ್ರೆಂದಿತು.

ಫಕೀರಜ್ಜ ಬಾಯಿ ತೆರೆದ. ತುತ್ತು ನುಂಗಿ, ನಿರಾಳವಾಗಿ ಹೇಳಿದ: "ಹೋದ ನೋಡು. ನಿನಗ 'ಹೋಗಿ ಬರ್ತೇನಿ' ಅಂತ ಹೇಳ್ಯಾನ."

ನನ್ನ ಕೆಲಸ ಕಾಯಂ ಆಗಿದೆ, ಗೆಳೆಯರೇ. ಅದೇ ಕೋಣೆಯಲ್ಲಿ.