ಗಿರಿಜಾಳ ಹೊಟ್ಟೆಗೆ ಹಾಕಿದ ದುರ್ಬೀನು

ನನ್ನ ಮಗಳು ಗಿರಿಜಾಗೆ ಒಂಬತ್ತು ವರ್ಷ. ಸುಗ್ಗಿ ಮುಗಿಯುವ ಹೊತ್ತಿಗೆ ಬಲಗಡೆ ಕಿಬ್ಬೊಟ್ಟೆ ನೋಯುತ್ತದೆ ಅನ್ನತೊಡಗಿದಳು. ಎರಡು ದಿನ ನೋವು. ನಾಲ್ಕು ದಿನ ಆರಾಮ. ಜಂತುಹುಳದ ಔಷಧ ಕುಡಿಸಿದೆವು. ಹುಳ ಬೀಳಲಿಲ್ಲ. ದೃಷ್ಟಿ ತೆಗೆದೆವು. ನೋವು ಹೋಗಲಿಲ್ಲ.

ದುಮ್ಮವಾಡದಿಂದ ಬಸ್ಸು ಹಿಡಿದು ಹುಬ್ಬಳ್ಳಿಯ ದವಾಖಾನೆಗೆ ಹೋಗಿ ಅಡ್ಮಿಟ್ ಮಾಡಿದೆವು. ಸರ್ಜನ್ ಹೊಟ್ಟೆ ಒತ್ತಿ ನೋಡಿದರು.

"ಅಪೆಂಡಿಕ್ಸ್ ಇರಬೇಕು, ಇಲ್ಲಾ ಓವರಿ, ಅಂಡಾಶಯದ ಮ್ಯಾಲೆ ಗಂಟು ಇರಬೇಕು. ಮೊದಲ ಹೊಟ್ಟಿಯೊಳಗ ಲ್ಯಾಪ್ರೊಸ್ಕೋಪ್, ಅಂದ್ರ ದುರ್ಬೀನು, ಹಾಕಿ ನೋಡ್ತೀನಿ."

ನಮ್ಮ ಅತ್ತೆ ಎದ್ದು ನಿಂತರು.

ನಮ್ಮ ಕಡೆ ಲ್ಯಾಪ್ರೊಸ್ಕೋಪಿ ಅಂದರೆ ಒಂದೇ ಅರ್ಥ, ಮಕ್ಕಳಾಗದ ಆಪರೇಶನ್. ಹೋದ ವರ್ಷ ಕಲಘಟಗಿ ಕ್ಯಾಂಪಿನಲ್ಲಿ ಸಾಲಾಗಿ ಮಲಗಿದ ಹೆಂಗಸರಲ್ಲಿ ನಾನೂ ಒಬ್ಬಳು.

"ಕೂಸಿಂದು ಇನ್ನೂ ಲಗ್ನ ಆಗಿಲ್ಲ! ಈಗಿಂದನ ಬಂದ್ ಮಾಡ್ತೀರೇನ್ರಿ?" ಎಂದರು ಅತ್ತೆ.

ಬಾಜೂ ಕಾಟಿನಾಕೆ ಸಲೈನ್ ಬಾಟಲಿ ಹಿಡಿದುಕೊಂಡೇ ಹತ್ತಿರ ಬಂದಳು.

"ಯಂತ್ರ ಅದ ಖರೆ ಅಜ್ಜೀ, ಕೆಲಸ ಬ್ಯಾರೆ," ಎಂದರು ಸರ್ಜನ್. ಹೊಟ್ಟೆಗೆ ಗ್ಯಾಸ್ ತುಂಬಿ, ತಲೆ ಕೆಳಗಾಗುವಂತೆ ಟೇಬಲ್ ವಾಲಿಸಿದರೆ ಕರುಳು ತಾನಾಗಿಯೇ ಎದೆಯ ಕಡೆ ಸರಿಯುತ್ತದಂತೆ. ಯಾರೂ ಎಳೆಯುವುದಿಲ್ಲ. "ಓವರಿನೂ ಹಿಡಿಯಂಗಿಲ್ಲ. ತಳಗಿಂದ ಎತ್ತತೀನಿ, ಅಷ್ಟ."

"ಬಾಯಿಲೆ ಎಲ್ಲಾರೂ ಎತ್ತತಾರ," ಎಂದು ಅತ್ತೆ ಬುತ್ತಿಯ ಡಬ್ಬಿ ತೆರೆದರು. "ಈ ಹೋಳಿಗಿ ಎತ್ತಿ ತೋರಸ್ರಿ."

ಸರ್ಜನ್ ನಕ್ಕರು. ಸಿಸ್ಟರ್ ಕೈಯಿಂದ ಚಿಮಟದಂಥ ಫೋರ್ಸೆಪ್ಸ್ ತರಿಸಿ ಹೋಳಿಗೆಯ ಅಂಚು ಹಿಡಿದು ಎತ್ತಿದರು.

ಹರಿಯಿತು.

ಹೂರಣ ಚಾದರದ ಮೇಲೆ ಬಿತ್ತು.

"ಚಿವುಟಿದ್ರ ಹಿಂಗಾಗ್ತದ ನೋಡ್ರಿ. ಅದಕ್ಕ ಒಳಗ ಚಿವುಟಂಗಿಲ್ಲ." ಫೋರ್ಸೆಪ್ಸಿನ ಬಾಯಿ ಮುಚ್ಚಿ, ಇನ್ನೊಂದು ಹೋಳಿಗೆಯ ತಳಕ್ಕೆ ಸರಿಸಿ, ಮೆಲ್ಲಗೆ ಎತ್ತಿ ಅತ್ತೆಯ ಅಂಗೈಗೆ ಇಟ್ಟರು. ಅತ್ತೆ ಅದನ್ನು ಎರಡೂ ಮಗ್ಗುಲು ತಿರುವಿ ನೋಡಿದರು.

"ಹಂಗಾರ ಮಾಡ್ರಿ."

ಹರಿದ ಹೋಳಿಗೆಯನ್ನು ಸರ್ಜನ್ ಅವರೇ ತಿನ್ನಬೇಕಾಯಿತು.

ಆಪರೇಶನ್ ಥೇಟರಿನ ಹೊರಗೆ ಬೆಂಚಿನ ಮೇಲೆ ಕೂತಾಗ ಹೊಳೆಯಿತು: ಇದೇ ಯಂತ್ರ ನನ್ನ ಹೊಟ್ಟೆಯೊಳಗೆ ಹೋಗಿ ಬಂದಾಗ ಯಾರೂ ನನಗೆ ಏನೂ ಹೇಳಿರಲಿಲ್ಲ, ಕೇಳಬಹುದು ಎಂಬುದು ನನಗೂ ಗೊತ್ತಿರಲಿಲ್ಲ.

ಸರ್ಜನ್ ಹೊರಗೆ ಬಂದರು. "ಓವರಿ ಎರಡೂ ಚೊಲೋ ಅದಾವ. ಅಪೆಂಡಿಕ್ಸ್ ಬಾತಿತ್ತು. ಬಾಜೂಕ ಸಣ್ಣದಾಗಿ ಕೊಯ್ದು ತಗದೀನಿ."

"ಎರಡೂ ಎಣಿಸೀರಿ?" ಅತ್ತೆ ಕೇಳಿದರು.

"ಎಣಿಸೀನ್ರಿ."

ಎಚ್ಚರವಾದ ಗಿರಿಜಾ ಹೆಗಲು ನೋವೆಂದು ಅತ್ತಳು. "ಹೊಟ್ಟಿ ಬಿಟ್ಟು ಹೆಗಲು ಕೊಯ್ದಾರ!" ಎಂದು ಅತ್ತೆ ಮತ್ತೆ ಎದ್ದರು. ಒಳಗೆ ಉಳಿದ ಗ್ಯಾಸಿನಿಂದ ಹಾಗಾಗುತ್ತದೆ, ಎರಡು ದಿನದಲ್ಲಿ ಹೋಗುತ್ತದೆ ಎಂದು ಸಿಸ್ಟರ್ ಸಮಾಧಾನ ಹೇಳಿದರು. ಕ್ಯಾಂಪಿನಿಂದ ಬಂದ ಮೇಲೆ ನನಗೂ ಹೆಗಲು ನೋಯುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಕುಲುಕಾಡಿದ್ದಕ್ಕೆ ಅಂದುಕೊಂಡು ಎಣ್ಣೆ ತಿಕ್ಕಿದ್ದೆ.

ಈಗ ಮೂರು ವಾರ ಆಯಿತು. ನಿನ್ನೆ ಗಿರಿಜಾ ಸಾಲಿಯಿಂದ ಬಂದವಳೇ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈಚಾಚಿದಳು. ನನಗೆ ಇನ್ನೂ ಭಯ.

"ಸಾಕ ಬಿಡಬೇ," ಎಂದೆ.

"ಹೊಟ್ಟಿ ನಂದೋ ನಿಂದೋ?"

ಬಿಸಿದು ಹಾಕಿ, ಮುಗಿಯುವವರೆಗೂ ಎದುರಿಗೆ ಕೂತೆ.