ಅಂಬಾದಾಸನ ವಿಶ್ವಾಸ ಪ್ರಮಾಣ

ಕೊರೊನಾದಿಂದ ಮುಚ್ಚಿದ್ದ ಚರ್ಚು ಮತ್ತೆ ತೆರೆಯುತ್ತದೆ ಎಂಬ ಸುದ್ದಿ ಹೈದರಾಬಾದಿನ ಮೆಹದಿಪಟ್ಟಣಂನ ಕನ್ನಡ ಕ್ರೈಸ್ತರ ಮನೆಗಳಿಗೆ ಹಬ್ಬ ತಂದಿತು. ಅಂಬಾದಾಸನಿಗೆ ಮಾತ್ರ ದಿಗಿಲು ತಂದಿತು.

ಅಂಬಾದಾಸ ಬೀದರ್ ಕಡೆಯವನು. ಈಗ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್; ಹರೆಯದಲ್ಲಿ ಬೀದರ್‌ನಿಂದ ಹೈದರಾಬಾದಿಗೆ ಓಡುವ ಖಾಸಗಿ ಬಸ್ಸಿನ ಕ್ಲೀನರ್. ಬಾಗಿಲಲ್ಲಿ ಜೋತುಬಿದ್ದು ಊರುಗಳ ಹೆಸರು ಕೂಗುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಬಸ್ಸಿಗೆ ಹತ್ತುತ್ತಿದ್ದ ಮಾರ್ಥಾಬಾಯಿಯ ಮೇಲೆ ಮನಸ್ಸಾಯಿತು. ಅವಳ ಅಪ್ಪ ಉಪದೇಶಿ, ಊರಿನವರಿಗೆಲ್ಲ ಜಪ ಕಲಿಸುವವರು. "ಹುಡುಗಿ ಬೇಕಂದ್ರ ದೀಕ್ಷಾಸ್ನಾನ ಆಗಿ ಕ್ರೈಸ್ತ ಆಗಬೇಕು. ಅದಕ್ಕೂ ಮೊದ್ಲ ವಿಶ್ವಾಸ ಪ್ರಮಾಣ ಬಾಯಿಗೆ ಬರಬೇಕು" ಎಂದುಬಿಟ್ಟರು.

ವಿಶ್ವಾಸ ಪ್ರಮಾಣವೆಂದರೆ ಭಾನುವಾರದ ಪೂಜೆಯಲ್ಲಿ ಫಾದರ್ ಉಪದೇಶದ ಪ್ರಸಂಗ ಮುಗಿಸಿದ ಮೇಲೆ ಎಲ್ಲರೂ ಎದ್ದು ನಿಂತು, ತಾವು ನಂಬಿದ್ದೇನೆಂದು ಒಟ್ಟಿಗೆ ಹೇಳುವ ಉದ್ದನೆಯ ಪ್ರಾರ್ಥನೆ. ಅಂಬಾದಾಸ ಮನಸ್ಸಿಟ್ಟು ಕಲಿಯಲು ಕೂತ. ಮುಂದಿನ ಸಾಲು ಬಂದರೆ ಹಿಂದಿನ ಸಾಲು ಹಾರಿಹೋಗುತ್ತಿತ್ತು. ದೀಕ್ಷಾಸ್ನಾನದ ದಿನ ಊರೆಲ್ಲ ಜೊತೆಗೆ ಹೇಳಿತು. ಆ ಗದ್ದಲದಲ್ಲಿ ಇವನೂ ತುಟಿ ಅಲ್ಲಾಡಿಸಿದ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು! ಮಾವ ಬೆನ್ನು ತಟ್ಟಿದರು, ಮದುವೆಯಾಯಿತು.

ಆಮೇಲೆ ಅವನನ್ನು ಕಾಪಾಡಿದ್ದು ಚರ್ಚಿನ ಹಳೆಯ ಪದ್ಧತಿ. ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ಎಲ್ಲರೂ ಎದ್ದು ಶುರು ಮಾಡಿದರೆ ಅಂಬಾದಾಸನೂ ಕಣ್ಣು ಮುಚ್ಚಿ, ಅದೇ ರಾಗದಲ್ಲಿ ಶುರು ಮಾಡುತ್ತಿದ್ದ: "ಬೀದರ, ಜಹೀರಾಬಾದ, ಸದಾಶಿವಪೇಟ, ಸಂಗಾರೆಡ್ಡಿ..." ಉಳಿದವರು ಪ್ರಾರ್ಥನೆಯ ಕೊನೆಯ ಮಾತಾದ ನಿತ್ಯಜೀವಕ್ಕೆ ತಲುಪಿ ಆಮೆನ್ ಎನ್ನುವ ಹೊತ್ತಿಗೆ ಇವನು ಮೆಹದಿಪಟ್ಟಣಂನಲ್ಲಿ ಇಳಿದಿರುತ್ತಿದ್ದ. ಮನೆಯಲ್ಲಿ ಸಂಜೆ ಜಪಸರದ ಹೊತ್ತಿಗೆ ಯಾವಾಗಲೂ ಡ್ಯೂಟಿ. ಮಕ್ಕಳಿಗೆ ಜಪ ಕಲಿಸಿದ್ದೂ ಮಾರ್ಥಾಬಾಯಿಯೇ.

ಚರ್ಚು ಮುಚ್ಚಿದಾಗ ಅವಳು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಅದರ ಮುಂದೆ ಏಳುತ್ತ ಕೂರುತ್ತ ಪೂಜೆ ನೋಡಿದಳು. ಇವನು ಭಾನುವಾರದ ಡ್ಯೂಟಿಯನ್ನು ಕೇಳಿ ಹಾಕಿಸಿಕೊಂಡ. ಪಾಪ, ಎಷ್ಟು ದುಡಿಯುತ್ತಾನೆ ಎಂದು ಅಕ್ಕಪಕ್ಕದವರು ಮರುಗಿದರು.

ಈಗ ಬಾಗಿಲೇನೋ ತೆರೆಯುತ್ತಿತ್ತು, ಆದರೆ ಪದ್ಧತಿ ಬದಲಾಗಿತ್ತು. ಮಾರ್ಥಾಬಾಯಿ ಟ್ರಂಕಿನಿಂದ ಸೀರೆ ತೆಗೆಯುತ್ತ ಹೇಳಿದಳು.

"ಕೇಳಿದ್ರೇನು? ಒಂದ್ ಮನಿ ಮಂದಿ ಒಂದೇ ಬೆಂಚಿನ್ಯಾಗ ಕೂಡಬೇಕಂತ. ನಡುವಿನ ಬೆಂಚು ಖಾಲಿ ಬಿಡ್ತಾರಂತ. ಮದಿವಿ ದಿನ ಬಿಟ್ರ ಚರ್ಚಿನ್ಯಾಗ ನಿಮ್ಮ ಬಾಜೂಕ ನಾ ಕುಂತೇ ಇಲ್ಲ ನೋಡ್ರಿ."

ಹೇಳುವಾಗ ನರೆತ ಕೂದಲಿನ ಆ ಹೆಂಗಸಿನ ಮುಖದಲ್ಲಿ ಮದುವಣಗಿತ್ತಿಯ ನಾಚಿಕೆ. ಅದನ್ನು ಕಂಡು ಅಂಬಾದಾಸನಿಗೆ ಇನ್ನಷ್ಟು ದಿಗಿಲಾಯಿತು. ಉಪದೇಶಿಯ ಮಗಳು! ಇಷ್ಟು ವರ್ಷ ಮೋಸ ಮಾಡಿದ್ದಾನೆಂದು ಗೊತ್ತಾದರೆ ಬೈಯುತ್ತಾಳೆ, ಬೈಸಿಕೊಳ್ಳಬಹುದು. ಆದರೆ ಮುಖ ತಿರುಗಿಸಿಬಿಟ್ಟರೆ? ಅದನ್ನು ತಾಳುವ ಶಕ್ತಿ ಅವನಿಗಿರಲಿಲ್ಲ.

ತಪ್ಪಿಸಿಕೊಳ್ಳಲು ಎರಡು ಸಲ ಕೆಮ್ಮಿದ. ಕಾಲ ಎಂಥದ್ದೆಂಬುದು ಪುಣ್ಯಾತ್ಮನಿಗೆ ನೆನಪಾಗಲಿಲ್ಲ. ಪಕ್ಕದ ಮನೆಯ ಗಿರಿಜಾಬಾಯಿ ಕಿಟಕಿ ಮುಚ್ಚಿಕೊಂಡಳು. ಮಾರ್ಥಾಬಾಯಿ ಅವನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು. ಮೂಗಿನೊಳಗೆ ಕಡ್ಡಿ ಆಡಿಸಿಕೊಂಡು ಕಣ್ಣಲ್ಲಿ ನೀರು ತಂದುಕೊಂಡ ಮೇಲೆ, ಏನೂ ಇಲ್ಲ ಎಂದು ರಿಪೋರ್ಟು ಬಂತು.

"ದೇವರು ದೊಡ್ಡವ" ಎಂದಳು ಮಾರ್ಥಾಬಾಯಿ.

ಭಾನುವಾರ ಬಂತು. ಬಾಗಿಲ ಬಳಿಯ ತೀರ್ಥದ ಬಟ್ಟಲು ಒಣಗಿತ್ತು. ಕೈಗೆ ಸ್ಯಾನಿಟೈಸರ್ ಹಾಕಿ ಒಳಗೆ ಬಿಟ್ಟರು. ಗಂಡ ಹೆಂಡಿರು ಒಂದೇ ಬೆಂಚಿನಲ್ಲಿ ಕೂತರು. ಬಾಯಿಗೆ ಮಾಸ್ಕ್ ಇದೆಯಲ್ಲ, ತುಟಿ ಯಾರಿಗೆ ಕಾಣುತ್ತದೆ ಎಂದು ಅಂಬಾದಾಸ ಧೈರ್ಯ ತಂದುಕೊಂಡ.

ಪ್ರಸಂಗ ಮುಗಿಯಿತು. ಎಲ್ಲರೂ ಎದ್ದರು.

"ಬೀದರ, ಜಹೀರಾಬಾದ..."

ಅವನ ದನಿ ಅವನಿಗೇ ಕೇಳಿಸಿತು. ಅರ್ಧದಷ್ಟು ಬೆಂಚುಗಳು ಖಾಲಿ, ಬಂದವರೂ ಕಡಿಮೆ. ಬಚ್ಚಿಟ್ಟುಕೊಳ್ಳಲು ಹಳೆಯ ಗದ್ದಲವೇ ಇರಲಿಲ್ಲ. ಜಹೀರಾಬಾದಿನಲ್ಲೇ ಬಸ್ಸು ನಿಂತಿತು. ಮುಂದಿನ ಬೆಂಚಿನ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡ.

ಆಗ ಪಕ್ಕದಲ್ಲಿ ಮಾರ್ಥಾಬಾಯಿಯ ದನಿ ನಿಧಾನವಾಯಿತು. ಉಳಿದವರು ಮುಂದೆ ಹೋದರೂ ಅವಳು ಹಿಂದೆಯೇ ಉಳಿದಳು. ಮೂರು ಮೂರು ಮಾತು ಬಿಡಿಸಿ ಹೇಳುವಳು, ನಿಲ್ಲುವಳು. ಮಕ್ಕಳಿಗೆ ಜಪ ಕಲಿಸುವಾಗಲೂ ಅವಳು ಹೀಗೇ ನಿಲ್ಲುತ್ತಿದ್ದಳು. ಅಂಬಾದಾಸ ಅವಳ ಹಿಂದೆಯೇ ಹೇಳಿದ. ಎಲ್ಲರೂ ಆಮೆನ್ ಎಂದು ಮುಗಿಸಿದರೂ ಇವರದು ಇನ್ನೂ ಉಳಿದಿತ್ತು. ಫಾದರ್ ಒಮ್ಮೆ ಈ ಕಡೆ ನೋಡಿ, ಕೈಕಟ್ಟಿ ಸುಮ್ಮನೆ ಕಾದರು. ಕೊನೆಯ ಆಮೆನ್ ಇಬ್ಬರೂ ಒಟ್ಟಿಗೆ ಹೇಳಿದರು.

ಹೊರಗೆ ಬಂದ ಮೇಲೂ ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಆಟೋಗಳ ಹತ್ತಿರ ಬಂದಾಗ ಕೇಳಿದ, "ನಿನಗ ಯಾವಾಗ ಗೊತ್ತಾತು?"

"ಮದಿವ್ಯಾದ ವರ್ಷಾನೇ. ಲಾಜರ ನಿಮ್ಮ ಬಾಜೂಕ ಕೂಡ್ತಿದ್ದ, ಅವನ ಹೇಣ್ತಿ ನನ್ನ ಬಾಜೂಕ ಕೂಡ್ತಿದ್ಲು. ಹೆಣ್ಮಕ್ಕಳ ಕಡಿ ಎಲ್ಲಾರಿಗೂ ಗೊತ್ತದ."

"ಮತ್ತ ಇಷ್ಟ್ ವರ್ಷ ಯಾಕ ಸುಮ್ಕಿದ್ದಿ?"

"ಆ ಕಡಿ ನಿಂತವರಿಗಿ ಈ ಕಡಿಯಿಂದ ನಾ ಹ್ಯಾಂಗ ಹೇಳಿಕೊಡ್ಲಿ?"

ಅಂಬಾದಾಸ ಮಾಸ್ಕ್ ಕೆಳಗೆ ಸರಿಸಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

ಆಟೋ ಹತ್ತುತ್ತ ಮಾರ್ಥಾಬಾಯಿ ಅಂದಳು, "ಮುಂದಿನ ಸಲ ಜಹೀರಾಬಾದ ತನಕರೆ ನೀವೇ ಹೇಳ್ರಿ. ಅಲ್ಲಿಂದ ಮುಂದ ನಾ ಇದ್ದೀನಿ."